ಹವಳಕ್ಕಿಂತ ಮೊದಲು ನೀರು

ಕೆರೆಯ ಮೀನಿಗೆ ನೀರಿನ ಏರುಪೇರು ಹೊಸದಲ್ಲ. ಮಳೆಗಾಲದಲ್ಲಿ ಕೆಂಪು ನೀರು ನುಗ್ಗುತ್ತದೆ. ಬೇಸಿಗೆಯಲ್ಲಿ ಕೆರೆ ಅರ್ಧಕ್ಕಿಳಿದು, ಉಳಿದ ನೀರು ಬೆಚ್ಚಗಾಗಿ ಅದರಲ್ಲಿ ಲವಣ ಹೆಚ್ಚುತ್ತದೆ. ಇದನ್ನೆಲ್ಲ ತಾಳಿಕೊಂಡ ಸಂತತಿಯೇ ಅಲ್ಲಿ ಉಳಿದಿರುವುದು. ಹವಳದ ದಿಬ್ಬದ ಜೀವಿಗಳು ವಿಕಾಸಗೊಂಡ ನೀರು ಬೇರೆಯೇ ಬಗೆಯದು. ಉಷ್ಣವಲಯದ ತಿಳಿಗಡಲಿನಲ್ಲಿ ಉಪ್ಪಿನಂಶ ಲೀಟರಿಗೆ ಸುಮಾರು 35 ಗ್ರಾಂ. ನಿನ್ನೆಯೂ ಅಷ್ಟೇ ಇತ್ತು, ಸಾವಿರ ವರ್ಷದ ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ. ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂನ ಆಸುಪಾಸು, ಪಿಎಚ್ 8.1ರ ಹತ್ತಿರ, ನೈಟ್ರೇಟ್ ಮತ್ತು ಫಾಸ್ಫೇಟ್ ಅಳೆಯಲು ಸಿಕ್ಕರೆ ಸಿಕ್ಕಿತು ಎನ್ನುವಷ್ಟು ಅಲ್ಪ. ಈ ಸ್ಥಿರತೆಯನ್ನು ಯಾರೂ ಕಾಯುತ್ತಿಲ್ಲ. ನೀರಿನ ಅಗಾಧ ಪ್ರಮಾಣವೇ ಅದನ್ನು ಕಾಯುತ್ತದೆ. ಮನೆಯಲ್ಲಿ ಇನ್ನೂರು ಲೀಟರಿನ ಗಾಜಿನ ತೊಟ್ಟಿಯಿಟ್ಟು ಅದರಲ್ಲಿ ಹವಳ ಬೆಳೆಸಹೊರಟವರು ಆ ಪ್ರಮಾಣವನ್ನು ಕಳೆದುಕೊಂಡಿರುತ್ತಾರೆ. ಅದರ ಜಾಗವನ್ನು ಕೆಲಸದಿಂದ ತುಂಬಬೇಕಾಗುತ್ತದೆ. ಹವಳದ ತೊಟ್ಟಿಯ ವಿಜ್ಞಾನವೆಲ್ಲ ಇಲ್ಲಿಂದಲೇ ಹೊರಡುತ್ತದೆ: ಅಲ್ಲಿ ಸಾಕಬೇಕಾದದ್ದು ಮೊದಲು ನೀರನ್ನು. ಕಡಲು ಸದ್ದಿಲ್ಲದೆ ಮಾಡುತ್ತಿರುವ ಕೆಲಸಗಳು ಯಾವುವು, ಅವುಗಳಲ್ಲಿ ಯಾವುದು ನಿಂತರೆ ಏನಾಗುತ್ತದೆ ಎಂಬುದನ್ನು ಈ ತೊಟ್ಟಿಯಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಇನ್ನೊಂದಿಲ್ಲ ಎಂಬುದೇ ಈ ಅಧ್ಯಾಯದ ವಾದ.

ಹವಳ ಗಿಡವಲ್ಲ, ಕಲ್ಲೂ ಅಲ್ಲ. ಅದು ಅಂಬಲಿ ಮೀನಿನ ದೂರದ ಬಂಧು, ಬಾಯಿಯ ಸುತ್ತ ಕುಡಿಗಳಿರುವ ಪಾಲಿಪ್ ಎಂಬ ಪುಟ್ಟ ಪ್ರಾಣಿ. ಸಾವಿರಾರು ಪಾಲಿಪ್‌ಗಳು ಒಟ್ಟಿಗೆ ಕೂತು ತಮ್ಮ ಬುಡದಲ್ಲಿ ಕ್ಯಾಲ್ಸಿಯಂ ಕಾರ್ಬನೇಟಿನ ಗೂಡು ಕಟ್ಟುತ್ತವೆ. ನಾವು ಹವಳವೆಂದು ಕೈಗೆತ್ತಿಕೊಳ್ಳುವ ಬಿಳಿ ವಸ್ತು ಈ ಗೂಡು ಮಾತ್ರ. ಪಾಲಿಪ್‌ನ ಒಳಪದರದ ಜೀವಕೋಶಗಳಲ್ಲಿ ಏಕಕೋಶದ ಪಾಚಿಗಳು ವಾಸಿಸುತ್ತವೆ. ಹಗಲು ಬೆಳಕಿನಲ್ಲಿ ಅವು ತಯಾರಿಸುವ ಸಕ್ಕರೆಯಂಥ ಪದಾರ್ಥಗಳು ಹವಳಕ್ಕೆ ಬೇಕಾದ ಶಕ್ತಿಯ ಶೇಕಡಾ 90ರಷ್ಟನ್ನೂ ಒದಗಿಸಬಲ್ಲವು. ಪ್ರತಿಯಾಗಿ ಹವಳದ ಉಚ್ಛಿಷ್ಟವಾದ ಸಾರಜನಕ ಮತ್ತು ಇಂಗಾಲದ ಡೈಆಕ್ಸೈಡ್ ಪಾಚಿಗೆ ಸಿಗುತ್ತವೆ. ಪೋಷಕಾಂಶಗಳೇ ಇಲ್ಲದಂಥ ತಿಳಿನೀರಿನಲ್ಲಿ ಇಷ್ಟೊಂದು ಜೀವ ತುಂಬಿ ತುಳುಕಲು ಕಾರಣ ಈ ಕೊಡುಕೊಳ್ಳುವಿಕೆ. ಆದರೆ ಇದು ಬಹಳ ನಾಜೂಕಾದ ಸಂಬಂಧ. ಆ ಕಡಲಿನ ವಾಡಿಕೆಯ ಬೇಸಿಗೆಯ ಗರಿಷ್ಠ ತಾಪಮಾನಕ್ಕಿಂತ ಕೇವಲ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ, ಅದು ಕೆಲವು ವಾರ ಹಾಗೇ ಉಳಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ತೊಟ್ಟಿಯ ಮೇಲೆ ಉರಿಯುವ ದೀಪದ ಕಾವಿಗೋ, ಏಪ್ರಿಲ್ ತಿಂಗಳ ಮಧ್ಯಾಹ್ನಕ್ಕೋ ಇನ್ನೂರು ಲೀಟರ್ ನೀರು ಕೆಲವೇ ಗಂಟೆಗಳಲ್ಲಿ ಎರಡು ಡಿಗ್ರಿ ಏರಬಲ್ಲುದು. ಇದೇ ತೊಟ್ಟಿಯಿಂದ ದಿನಕ್ಕೆ ಎರಡು ಲೀಟರ್ ಆವಿಯಾಗುತ್ತದೆ ಎಂದುಕೊಳ್ಳೋಣ. ಹತ್ತು ದಿನ ಸಿಹಿನೀರು ಸೇರಿಸದೆ ಬಿಟ್ಟರೆ ಉಪ್ಪಿನಂಶ 35ರಿಂದ 39ರ ಸಮೀಪಕ್ಕೆ ಹೋಗುತ್ತದೆ. ಆವಿಯಾಗಿ ಹೋಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದ ಮಟ್ಟವನ್ನು ಉಪ್ಪುನೀರಿನಿಂದ ತುಂಬಿದವರು ತಾವೇ ವಿಪತ್ತನ್ನು ಹತ್ತಿರ ತಂದುಕೊಳ್ಳುತ್ತಾರೆ. ಲವಣ ತೆಗೆದ ಶುದ್ಧ ಆರ್‌ಒ ನೀರು ಬೇಕಾಗುವುದು ಅದಕ್ಕೇ.

ಮೊದಮೊದಲು ಪ್ರಯತ್ನಿಸಿದವರಿಗೆ ಇದ್ಯಾವುದೂ ತಿಳಿದಿರಲಿಲ್ಲ. 1846ರಲ್ಲಿ ಅನ್ನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕಿ ಕರಾವಳಿಯಲ್ಲಿ ಸಿಕ್ಕ ಒಂದು ಜಾತಿಯ ತಣ್ಣೀರ ಹವಳವನ್ನು ಜಾಡಿಯಲ್ಲಿಟ್ಟುಕೊಂಡು ಲಂಡನ್ನಿಗೆ ತಂದರು. ಸಮುದ್ರದಿಂದ ದೂರದ ಊರಿನಲ್ಲಿ ಅದನ್ನು ಬದುಕಿಸಲು ಅವರು ಕಂಡುಕೊಂಡ ಉಪಾಯವೆಂದರೆ, ಮನೆಗೆಲಸದವಳಿಂದ ಕಿಟಕಿಯ ಬಳಿ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಹೊಯ್ಯಿಸುವುದು. ಗಾಳಿ ಬೆರೆತ ನೀರಿನಲ್ಲಿ ಹವಳ ಉಳಿಯಿತು. ಮರುವರ್ಷ ಕಡಲಪಾಚಿಯನ್ನೂ ಸೇರಿಸಿದರು. ಅಲೆಗಳ ಕೆಲಸವನ್ನು ಅಲ್ಲಿ ಮನುಷ್ಯರ ತೋಳು ಮಾಡುತ್ತಿತ್ತು. ಆ ಮನೆಗೆಲಸದವಳ ಹೆಸರು ಹವಳ ಸಾಕಣೆಯ ಚರಿತ್ರೆಗಳಲ್ಲಿ ಕಾಣುವುದಿಲ್ಲ, ಆದರೆ ಇಂದಿನ ಪ್ರತಿ ತೊಟ್ಟಿಯ ಪಂಪು ಮಾಡುತ್ತಿರುವುದು ಅವಳ ಕೆಲಸವನ್ನೇ. ಅದಾದ ಮೇಲೂ ಒಂದು ಶತಮಾನ ಕಾಲ ಉಷ್ಣವಲಯದ ಹವಳಗಳು ತೊಟ್ಟಿಗಳಲ್ಲಿ ಸಾಯುತ್ತಲೇ ಇದ್ದವು. ನೀರು ಶುದ್ಧವಾಗಿರಬೇಕೆಂದು ಜನ ಕಲ್ಲು, ಮರಳು, ಸತ್ತ ಹವಳ ಎಲ್ಲವನ್ನೂ ಹೊರತೆಗೆದು ಉಜ್ಜಿ ತೊಳೆದು ಮತ್ತೆ ಇಡುತ್ತಿದ್ದರು. ನೀರನ್ನು ನಿಜವಾಗಿ ಶುದ್ಧವಾಗಿಡಬಲ್ಲ ಜೀವಿಗಳು ಆ ತೊಳೆತದಲ್ಲೇ ಕೊಚ್ಚಿಕೊಂಡು ಹೋಗುತ್ತಿದ್ದವು.

ಜಕಾರ್ತಾದ ಲೀ ಚಿನ್ ಎಂಗ್ 1961ರಲ್ಲಿ ಒಂದು ಅಕ್ವೇರಿಯಂ ಪತ್ರಿಕೆಯಲ್ಲಿ ಬರೆದ ಲೇಖನ ಈ ರೂಢಿಯನ್ನು ತಲೆಕೆಳಗು ಮಾಡಿತು. ಸಮುದ್ರದಿಂದ ತಂದ ಜೀವಂತ ಕಲ್ಲುಗಳು, ಒಂದಿಷ್ಟು ಗಾಳಿಗುಳ್ಳೆ, ಬೆಳಕು, ಇಷ್ಟರಲ್ಲೇ ಅವರ ತೊಟ್ಟಿಗಳಲ್ಲಿ ಹವಳಗಳು ಬದುಕುತ್ತಿದ್ದವು. ಲೈವ್ ರಾಕ್ ಎಂದು ಸಾಕುವವರೆಲ್ಲ ಕರೆಯುವ ಈ ಕಲ್ಲು ಹಳೆಯ ಹವಳದ ತೂತುತೂತಾದ ಅವಶೇಷ. ಹಾಲಿಗೆ ಹೆಪ್ಪು ಹಾಕುವುದು ಮತ್ತು ಹೊಸ ತೊಟ್ಟಿಗೆ ಈ ಕಲ್ಲು ಇಡುವುದು ತತ್ವದಲ್ಲಿ ಒಂದೇ. ಬೇಕಾಗಿರುವುದು ಕಲ್ಲಿನ ಮೈಯಲ್ಲಿರುವ ಸೂಕ್ಷ್ಮಜೀವಿಗಳ ಬಳಗ. ಮೀನಿನ ಕಿವಿರಿನಿಂದಲೂ ಉಳಿದ ಆಹಾರದಿಂದಲೂ ಹೊರಬೀಳುವ ಅಮೋನಿಯ ವಿಷ. ಕಲ್ಲಿನ ಹೊರಮೈಯಲ್ಲಿ ಆಮ್ಲಜನಕ ಸಿಗುವಲ್ಲಿ ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಸುತ್ತವೆ, ಇನ್ನೊಂದು ಬಗೆಯವು ನೈಟ್ರೇಟ್ ಆಗಿಸುತ್ತವೆ. ಕಲ್ಲಿನ ಒಳಗೆ, ಆಮ್ಲಜನಕ ತಲುಪದ ಸಂದುಗಳಲ್ಲಿ, ಮೂರನೆಯ ಬಗೆಯವು ನೈಟ್ರೇಟನ್ನು ಸಾರಜನಕದ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಹೊಸ ತೊಟ್ಟಿಗೆ ಕಲ್ಲಿಟ್ಟ ಮೇಲೆ ವಾರಗಟ್ಟಲೆ ಕಾಯಬೇಕಾದ್ದು ಈ ಮೂರೂ ಬಳಗಗಳು ಒಂದನ್ನೊಂದು ಅನುಸರಿಸಿ ಬೆಳೆಯಬೇಕಾದ್ದರಿಂದ. ಅವಸರ ಮಾಡಿ ಮೊದಲ ವಾರವೇ ಮೀನು ಬಿಟ್ಟವರ ತೊಟ್ಟಿಯಲ್ಲಿ ಮೀನು ಸತ್ತರೆ ಅದನ್ನು ರೋಗ ಎನ್ನುವುದುಂಟು. ಹೆಚ್ಚಿನ ಸಲ ಅದು ಅಮೋನಿಯ.

ಇದೆಲ್ಲ ಹವ್ಯಾಸಿಗಳ ಉಪಯೋಗಕ್ಕೆ ಬೇಕಾದ ವಿಷಯ, ಕಡಲಿನ ವಿಜ್ಞಾನಕ್ಕೆ ಇದರಿಂದೇನು ಎಂದು ಕೇಳಬಹುದು. ಇದಕ್ಕೆ ಉತ್ತರವಿರುವುದು ಅಮೆರಿಕದ ಸಿಯಾಟಲ್ ನಗರದ ಸಾರ್ವಜನಿಕ ಅಕ್ವೇರಿಯಂನಲ್ಲಿ. ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು ಬಿಸಿನೀರಿನ ಬುಗ್ಗೆ, ಉಪ್ಪಿನ ಕೊಳ, ಇಂಥ ವಿಪರೀತ ಜಾಗಗಳಿಗೇ ಸೀಮಿತವೆಂದು ಬಹುಕಾಲ ನಂಬಲಾಗಿತ್ತು. 1990ರ ದಶಕದಲ್ಲಿ ಸಾಮಾನ್ಯ ಕಡಲನೀರಿನಲ್ಲೂ ಅವುಗಳ ಜೀನುಗಳು ಹೇರಳವಾಗಿ ಕಂಡವು, ಆದರೆ ಅವು ಅಲ್ಲಿ ಏನು ಮಾಡುತ್ತಿವೆ ಎಂದು ಗೊತ್ತಾಗಲಿಲ್ಲ. ಯಾವುದನ್ನೂ ಪ್ರಯೋಗಾಲಯದಲ್ಲಿ ಬೆಳೆಸಲು ಆಗಿರಲಿಲ್ಲ. 2005ರಲ್ಲಿ ಸಂಶೋಧಕರು ಆ ಅಕ್ವೇರಿಯಂನ ಉಷ್ಣವಲಯದ ತೊಟ್ಟಿಯೊಂದರಿಂದ ಅಂಥ ಒಂದು ಜೀವಿಯನ್ನು ಬೇರ್ಪಡಿಸಿ ಬೆಳೆಸಿದರು. ನೈಟ್ರೊಸೊಪ್ಯುಮಿಲಸ್ ಮಾರಿಟಿಮಸ್ ಎಂಬ ಆ ಆರ್ಕಿಯಾ ಅಮೋನಿಯವನ್ನೇ ಇಂಧನವಾಗಿಸಿಕೊಂಡು ಬದುಕುತ್ತಿತ್ತು. ಅಮೋನಿಯವನ್ನು ಸುಡುವುದು ಬ್ಯಾಕ್ಟೀರಿಯಾಗಳ ಕೆಲಸವೆಂದು ನೂರು ವರ್ಷ ಪಾಠ ಹೇಳಿದ್ದನ್ನು ತಿದ್ದಬೇಕಾಯಿತು. ಭೂಮಿಯ ಸಾಗರಗಳ ಸಾರಜನಕ ಚಕ್ರದಲ್ಲಿ ಒಂದು ಮುಖ್ಯ ಪಾತ್ರಧಾರಿ ಸಿಕ್ಕಿದ್ದು ಮೀನುತೊಟ್ಟಿಯಲ್ಲಿ. ಇದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ತೊಟ್ಟಿಯಲ್ಲಿ ನೀರು ಕಡಿಮೆ, ಜೀವಿಗಳು ಹೆಚ್ಚು. ತೆರೆದ ಕಡಲಿನಲ್ಲಿ ಚದುರಿಹೋಗಿರುವ ಪ್ರಕ್ರಿಯೆ ಇಲ್ಲಿ ಒತ್ತೊತ್ತಾಗಿ ನಡೆಯುತ್ತದೆ, ಅದಕ್ಕೇ ಹಿಡಿತಕ್ಕೆ ಸಿಗುತ್ತದೆ.

ಸಾರಜನಕದ ಲೆಕ್ಕ ಸರಿಹೋದ ಮೇಲೆ ಸುಣ್ಣದ ಲೆಕ್ಕ ಶುರುವಾಗುತ್ತದೆ. ಕಲ್ಲು ಕಟ್ಟುವ ಹವಳಗಳನ್ನು ಸಾಕುವವರು ಪ್ರತಿದಿನ ನೋಡುವ ಅಂಕಿ ಕ್ಷಾರೀಯತೆ. ನೀರಿನಲ್ಲಿ ಬೈಕಾರ್ಬನೇಟ್ ಮತ್ತು ಕಾರ್ಬನೇಟ್ ಎಷ್ಟು ದಾಸ್ತಾನಿದೆ ಎಂಬುದರ ಅಳತೆ ಇದು. ಹವ್ಯಾಸಿಗಳು ಬಳಸುವ ಡಿಕೆಎಚ್ ಮಾನದಲ್ಲಿ ಕಡಲನೀರಿನದು ಸುಮಾರು ಆರೂವರೆಯಿಂದ ಏಳು, ತೊಟ್ಟಿಗಳಲ್ಲಿ ಎಂಟರಿಂದ ಹತ್ತರವರೆಗೂ ಇಡುತ್ತಾರೆ. ಇನ್ನೂರು ಲೀಟರಿನ ತೊಟ್ಟಿಯಲ್ಲಿ ಹವಳಗಳು ದಿನಕ್ಕೆ ಎರಡು ಡಿಕೆಎಚ್ ಬಳಸುತ್ತಿವೆ ಎಂದುಕೊಳ್ಳಿ, ಚೆನ್ನಾಗಿ ಬೆಳೆಯುತ್ತಿರುವ ತೊಟ್ಟಿಯಲ್ಲಿ ಇದು ಅಸಾಮಾನ್ಯವಲ್ಲ. ಅಂದರೆ ಪ್ರತಿದಿನ ಸುಮಾರು ಏಳು ಗ್ರಾಂ ಸುಣ್ಣದಕಲ್ಲು ನೀರಿನಿಂದ ಹವಳದ ಮೈಗೆ ಹೋಗುತ್ತಿದೆ. ಅದೇ ವೇಗದಲ್ಲಿ ಹೋದರೆ ಎಂಟು ಡಿಕೆಎಚ್‌ನ ದಾಸ್ತಾನು ನಾಲ್ಕೇ ದಿನದಲ್ಲಿ ಬರಿದು. ಆ ನಾಲ್ಕು ದಿನದಲ್ಲಿ ಕ್ಯಾಲ್ಸಿಯಂ ಇಳಿಯುವುದು 420ರಿಂದ 363ಕ್ಕೆ ಮಾತ್ರ. ನಿಜದಲ್ಲಿ ದಾಸ್ತಾನು ಪೂರ್ತಿ ಬರಿದಾಗುವ ಮೊದಲೇ ಹವಳ ಕಟ್ಟುವುದನ್ನು ನಿಧಾನಿಸುತ್ತದೆ, ಆಮೇಲೆ ತುದಿಗಳಿಂದ ಅಂಗಾಂಶ ಕಳಚತೊಡಗುತ್ತದೆ. ಹವಳಕ್ಕೆ ಕ್ಯಾಲ್ಸಿಯಂ ಬೇಕು ಎಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಕೊರತೆ ಮೊದಲು ಬೀಳುವುದು ಅದರ ಜೊತೆಗಾರನಾದ ಕಾರ್ಬನೇಟಿಗೆ. ಇಡೀ ಭೂಮಿಯ ಹವಳದ ದಿಬ್ಬಗಳ ಭವಿಷ್ಯಕ್ಕೂ ಈ ಮಾತು ಅನ್ವಯಿಸುತ್ತದೆ.

ಈ ಕೊರತೆಯನ್ನು ತುಂಬಲು 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಪ್ರಚಾರಕ್ಕೆ ತಂದ ವಿಧಾನ ನಮ್ಮ ಎಲೆಅಡಿಕೆ ತಟ್ಟೆಯಲ್ಲಿರುವ ವಸ್ತುವಿನದೇ. ಸುಣ್ಣವನ್ನು ಶುದ್ಧ ನೀರಿನಲ್ಲಿ ಕದಡಿ, ಮೇಲೆ ನಿಂತ ತಿಳಿಯನ್ನು ರಾತ್ರಿಯಿಡೀ ಹನಿಹನಿಯಾಗಿ ತೊಟ್ಟಿಗೆ ಬಿಡುತ್ತಾರೆ. ತಿಳಿಯ ಪಿಎಚ್ 12ರ ಮೇಲಿರುವುದರಿಂದ ಒಮ್ಮೆಲೇ ಸುರಿದರೆ ಎಲ್ಲವೂ ಸಾಯುತ್ತವೆ. ಹನಿಯಾಗಿ ಹೋದಾಗ ಅದು ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಂಡು ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಕೊಡುತ್ತದೆ. ಇನ್ನೊಂದು ವಿಧಾನ ಇದಕ್ಕಿಂತ ಕುತೂಹಲದ್ದು. ಒಂದು ಕೊಳವೆಯಲ್ಲಿ ಸತ್ತ ಹವಳದ ಚೂರುಗಳನ್ನು ತುಂಬಿ, ಅದರ ಮೂಲಕ ಹರಿಯುವ ನೀರಿಗೆ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಹಾಯಿಸುತ್ತಾರೆ. ನೀರಿನ ಪಿಎಚ್ ಆರೂವರೆಯ ಸುಮಾರಿಗೆ ಇಳಿದಾಗ ಸತ್ತ ಹವಳ ಕರಗುತ್ತದೆ, ಕರಗಿದ ಸುಣ್ಣ ಜೀವಂತ ಹವಳಕ್ಕೆ ಸಿಗುತ್ತದೆ. ಮನುಷ್ಯರು ಉರಿಸಿದ ಇಂಧನದ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗವನ್ನು ಸಾಗರ ಹೀರಿಕೊಳ್ಳುತ್ತಿದೆ. ಕೊಳವೆಯಲ್ಲಿ ಬೇಕೆಂದೇ ನಡೆಸುವ ರಸಾಯನಕ್ರಿಯೆಯನ್ನು ನಾವು ಕಡಲಿನಲ್ಲಿ ಬೇಡದೆಯೇ ನಡೆಸುತ್ತಿದ್ದೇವೆ. ಕಡಲಿನಲ್ಲಿ ಅದು ಇದಕ್ಕಿಂತ ಎಷ್ಟೋ ಸೌಮ್ಯವಾಗಿ, ಎಷ್ಟೋ ನಿಧಾನವಾಗಿ ನಡೆಯುತ್ತದೆ. ಅರಿಜೋನಾದ ಬಯೋಸ್ಫಿಯರ್-2 ಎಂಬ ಗಾಜಿನ ಕಟ್ಟಡದೊಳಗೆ ಸುಮಾರು 26 ಲಕ್ಷ ಲೀಟರಿನ ಕೃತಕ ಸಾಗರವಿತ್ತು. ಅಲ್ಲಿನ ಹವಳ ದಿಬ್ಬದ ಮೇಲೆ ವರ್ಷಗಟ್ಟಲೆ ನಡೆಸಿದ ಪ್ರಯೋಗ 2000ದಲ್ಲಿ ಪ್ರಕಟವಾಯಿತು. ನೀರಿನಲ್ಲಿ ಕಾರ್ಬನೇಟ್ ಇಳಿದಂತೆ ಇಡೀ ಜೀವಿಸಮುದಾಯ ಸುಣ್ಣ ಕಟ್ಟುವ ವೇಗವೂ ಇಳಿಯುತ್ತದೆ ಎಂದು ಅದು ತೋರಿಸಿತು. ಅದು ದೊಡ್ಡ ತೊಟ್ಟಿಯೇ ಹೊರತು ಬೇರೇನಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ಎದುರಿಸಬೇಕು. ಬಾಗಿಲು ಕಿಟಕಿ ಮುಚ್ಚಿದ ಮನೆಗಳಲ್ಲಿ ಜನರ ಉಸಿರಿನಿಂದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ, ತೊಟ್ಟಿಯ ಪಿಎಚ್ 7.8ಕ್ಕೂ ಇಳಿದಿರುತ್ತದೆ. ಸಾಗರಕ್ಕೆ ಈ ಶತಮಾನದ ಕೊನೆಗೆ ಬರಬಹುದೆಂದು ಹೆದರುತ್ತಿರುವ ಮಟ್ಟ ಅದು. ಆದರೂ ಅಂಥ ತೊಟ್ಟಿಗಳಲ್ಲಿ ಹವಳ ಬೆಳೆಯುತ್ತಿದೆಯಲ್ಲ, ಹಾಗಿದ್ದರೆ ಸಾಗರದ ಆಮ್ಲೀಕರಣದ ಭಯ ಸುಳ್ಳಲ್ಲವೇ? ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಅಂಥ ತೊಟ್ಟಿಗಳಲ್ಲಿ ಕ್ಷಾರೀಯತೆಯನ್ನು ಒಂಬತ್ತಕ್ಕೋ ಹತ್ತಕ್ಕೋ ಏರಿಸಿಟ್ಟಿರುತ್ತಾರೆ. ಪಿಎಚ್ ಇಳಿದಾಗ ಕಳೆದುಹೋಗುವ ಕಾರ್ಬನೇಟನ್ನು ಹೀಗೆ ಕೈಯಾರೆ ತುಂಬಿಕೊಡಲಾಗುತ್ತಿದೆ. ಕಡಲಿಗೆ ಹಾಗೆ ತುಂಬುವವರು ಯಾರು? ಸಾಗರಗಳ ಮೇಲಿನ ನೂರು ಮೀಟರ್ ಪದರವನ್ನಷ್ಟೇ ತೆಗೆದುಕೊಂಡು ಅದರ ಕ್ಷಾರೀಯತೆಯನ್ನು ಒಂದೇ ಒಂದು ಡಿಕೆಎಚ್ ಏರಿಸಲು ಎಷ್ಟು ಸುಣ್ಣದಕಲ್ಲು ಕರಗಿಸಬೇಕು ಎಂದು ಲೆಕ್ಕ ಹಾಕಿದರೆ ಸುಮಾರು 64,000 ಕೋಟಿ ಟನ್ ಬರುತ್ತದೆ. ಇಡೀ ಜಗತ್ತು ಒಂದು ವರ್ಷದಲ್ಲಿ ತಯಾರಿಸುವ ಸಿಮೆಂಟ್ ಸುಮಾರು 400 ಕೋಟಿ ಟನ್. ತೊಟ್ಟಿಯಲ್ಲಿ ಸಂಜೆಯ ಹತ್ತು ನಿಮಿಷದ ಕೆಲಸ ಕಡಲಿನಲ್ಲಿ ಮನುಕುಲದ ಶಕ್ತಿಗೆ ಮೀರಿದ್ದು. ತೊಟ್ಟಿಯ ಹವಳ ಬೆಳೆಯುತ್ತಿದೆ ಎಂಬುದು ಆಕ್ಷೇಪಕ್ಕೆ ಆಧಾರವಾಗುವ ಬದಲು, ಕಡಲಿಗೆ ಏನು ಸಿಗುತ್ತಿಲ್ಲ ಎಂಬುದಕ್ಕೇ ಸಾಕ್ಷಿಯಾಗುತ್ತದೆ.

ಹಾಗಾದರೆ ಉಳಿದ ಹವಳಗಳನ್ನು ತೊಟ್ಟಿಗಳಿಗೆ ತಂದು ಕಾಪಾಡಿದರಾಯಿತು ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ತಿರುಳಿಲ್ಲವೆಂದಲ್ಲ. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಜೇಮೀ ಕ್ರ್ಯಾಗ್ಸ್ ಮತ್ತು ಸಂಗಡಿಗರು ದೂರದ ಕಡಲಿನ ಋತುಮಾನದ ತಾಪಮಾನ, ಹಗಲಿನ ಉದ್ದ, ಚಂದ್ರೋದಯದ ಹೊತ್ತು ಎಲ್ಲವನ್ನೂ ತೊಟ್ಟಿಯಲ್ಲಿ ಅನುಕರಿಸಿ, ಆಕ್ರೊಪೊರಾ ಹವಳಗಳು ವರ್ಷಕ್ಕೊಮ್ಮೆ ಅಂಡ ಮತ್ತು ವೀರ್ಯ ಬಿಡುವಂತೆ ಮಾಡಿದ್ದನ್ನು 2017ರಲ್ಲಿ ಪ್ರಕಟಿಸಿದರು. ಆ ವಿಧಾನದಿಂದಲೇ 2019ರಲ್ಲಿ ಫ್ಲೋರಿಡಾದ ಅಕ್ವೇರಿಯಂ ಒಂದರಲ್ಲಿ, ರೋಗದಿಂದ ಅಳಿವಿನಂಚಿಗೆ ಬಂದಿದ್ದ ಕಂಬದ ಹವಳ ಸಂತಾನೋತ್ಪತ್ತಿ ಮಾಡಿತು. 2023ರ ಬೇಸಿಗೆಯಲ್ಲಿ ಫ್ಲೋರಿಡಾದ ಕಡಲು ಕುದಿಯುವಂತಾದಾಗ ಅಲ್ಲಿನ ಕಡಲಡಿಯ ನರ್ಸರಿಗಳಿಂದ ಹವಳಗಳನ್ನು ಕಿತ್ತು ದಡದ ತೊಟ್ಟಿಗಳಿಗೆ ಸಾಗಿಸಲಾಯಿತು. ಹವ್ಯಾಸಿಗಳೂ ವೃತ್ತಿಪರರೂ ದಶಕಗಳ ಕಾಲ ಕೂಡಿಸಿದ ತಿಳಿವಳಿಕೆ ಇಲ್ಲದಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಆದರೆ ತೊಟ್ಟಿಯಿಂದ ಹವಳ ವಾಪಸು ಹೋಗಬೇಕಾದದ್ದು ಅದೇ ಬಿಸಿ ಕಡಲಿಗೆ. 2024ರ ಏಪ್ರಿಲ್‌ನಲ್ಲಿ ಘೋಷಿತವಾದ ನಾಲ್ಕನೆಯ ಜಾಗತಿಕ ಬಿಳಿಚುವಿಕೆಯ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಉಷ್ಣವಲಯದ ಸಾಗರಗಳೂ ಅದರಲ್ಲಿ ಸಿಲುಕಿದ್ದವು. ನಮ್ಮ ಲಕ್ಷದ್ವೀಪ 1998, 2010, 2016ರಲ್ಲೂ ಬಿಳಿಚಿತ್ತು. ಜೊತೆಗೆ, ಹವಳವನ್ನು ಉಳಿಸಿಕೊಳ್ಳಬಹುದು, ದಿಬ್ಬವನ್ನು ಸಾಧ್ಯವಿಲ್ಲ. ಅಲೆ ತಡೆದು ದ್ವೀಪವನ್ನು ಕಾಯುವ, ಕಡಲಜೀವಿಗಳ ಕಾಲುಭಾಗ ಜಾತಿಗಳಿಗೆ ನೆಲೆಯಾಗಿರುವ ಆ ಕಟ್ಟಡ ಯಾವ ತೊಟ್ಟಿಯಲ್ಲೂ ಹಿಡಿಸದು.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ನೈತಿಕವಾದದ್ದು: ತೊಟ್ಟಿ ತುಂಬಲು ಕಡಲನ್ನು ಬರಿದು ಮಾಡುತ್ತಿಲ್ಲವೇ? ಇದನ್ನು ತಳ್ಳಿಹಾಕಲು ಸಾಧ್ಯವಿಲ್ಲ, ತಳ್ಳಿಹಾಕಬಾರದು ಕೂಡ. ಅಕ್ವೇರಿಯಂ ಎಂಬ ಹೆಸರನ್ನು 1850ರ ದಶಕದಲ್ಲಿ ಜನಪ್ರಿಯಗೊಳಿಸಿದ ಫಿಲಿಪ್ ಹೆನ್ರಿ ಗಾಸ್ ಅವರ ಪುಸ್ತಕಗಳನ್ನು ಓದಿ ಜನ ಡೆವನ್ ಕರಾವಳಿಗೆ ಮುಗಿಬಿದ್ದರು. ಬಂಡೆಯ ಹೊಂಡಗಳು ಹೇಗೆ ಬರಿದಾದವು ಎಂಬುದನ್ನು ಅವರ ಮಗ ಎಡ್ಮಂಡ್ ಮುಂದೆ ನೋವಿನಿಂದ ಬರೆದಿದ್ದಾರೆ. ಫಿಲಿಪೈನ್ಸ್ ಮತ್ತು ಇಂಡೋನೇಷ್ಯಾದಲ್ಲಿ ಮೀನನ್ನು ಮಂಕುಬರಿಸಿ ಹಿಡಿಯಲು ಸಯನೈಡ್ ಚಿಮ್ಮಿಸಿದಾಗ ಸುತ್ತಲಿನ ಹವಳವೂ ಸತ್ತಿತು. ತೊಟ್ಟಿಯಿಂದ ಹೊರಬಿದ್ದದ್ದೂ ಕಡಿಮೆ ಹಾನಿ ಮಾಡಿಲ್ಲ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಬುಡದ ಕಡಲಿನಲ್ಲಿ ಒಂದು ಚದರ ಮೀಟರಿನಷ್ಟಿದ್ದ ಕೌಲರ್ಪಾ ಪಾಚಿ ಮೆಡಿಟರೇನಿಯನ್ ತೀರದ ಹಲವು ಕಡೆಗೆ ಹಬ್ಬಿತು. ಹಿಂದೂ-ಪೆಸಿಫಿಕ್ ಕಡಲಿನ ಸಿಂಹಮೀನು 1985ರಲ್ಲಿ ಫ್ಲೋರಿಡಾದಲ್ಲಿ ಕಂಡಿತು. ಅದು ಅಕ್ವೇರಿಯಂಗಳಿಂದ ಬಂತೆಂಬುದೇ ಇವತ್ತಿಗೂ ಬಲವಾದ ವಿವರಣೆ. ಅದು ಕೆರಿಬಿಯನ್ನಿನ ಮರಿಮೀನುಗಳನ್ನು ಈಗಲೂ ನುಂಗುತ್ತಿದೆ. ಈ ಆಕ್ಷೇಪಕ್ಕೆ ಒಪ್ಪಬಹುದಾದ ಉತ್ತರ ಒಂದೇ: ಕಡಲಿನಿಂದ ಕಿತ್ತು ತರದ, ಕಡಲಿಗೆ ಬಿಡದ ಸಾಕಣೆ. ಅದು ಸಾಧ್ಯವೆನ್ನಲು ಪುರಾವೆಯಿದೆ. ಹವಳದ ಒಂದು ಕೊಂಬೆ ಮುರಿದು ಅಂಟಿಸಿದರೆ ಹೊಸ ಸಮುದಾಯವಾಗುತ್ತದೆ. ಪಶ್ಚಿಮದ ದೇಶಗಳಲ್ಲಿ ಎಷ್ಟೋ ಹವಳಗಳು ಹೀಗೆ ತುಂಡಿನಿಂದ ತುಂಡಾಗಿ ತೊಟ್ಟಿಯಿಂದ ತೊಟ್ಟಿಗೆ ದಾಟುತ್ತಾ ಬಂದಿವೆ.

ಭಾರತದಲ್ಲಿ ಈ ಪ್ರಶ್ನೆಯನ್ನು ಕಾನೂನೇ ತೀರ್ಮಾನಿಸಿದೆ. ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು, ಕರಿಹವಳ, ಕೊಳಲುಹವಳ, ಬೆಂಕಿಹವಳ, ಕಡಲಬೀಸಣಿಗೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಗಿರುವಷ್ಟೇ ರಕ್ಷಣೆ ಅವಕ್ಕೂ ಇದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ನೀರಿನಲ್ಲಿ ಮುಳುಗುವವರು ಅಲ್ಲಿನ ಹವಳದ ಒಂದು ಚೂರನ್ನು ಎತ್ತಿಕೊಂಡರೂ ಅಪರಾಧ. ಇಲ್ಲಿನ ಹವ್ಯಾಸಿಗಳಿಗೆ ಇದು ಕಟ್ಟುಪಾಡೆನಿಸಬಹುದು. ಬಿಸಿಯಿಂದ ಪದೇ ಪದೇ ಹೊಡೆತ ತಿಂದು ಮತ್ತೆ ಚಿಗುರಲು ಹೆಣಗುತ್ತಿರುವ ದಿಬ್ಬಗಳಿರುವ ದೇಶದಲ್ಲಿ ಇದು ನ್ಯಾಯವೇ ಎಂದು ನನ್ನ ನಿಲುವು. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ವಿಳಿಂಜಂ ಮತ್ತು ಮಂಡಪಂ ಕೇಂದ್ರಗಳಲ್ಲಿ ಕ್ಲೌನ್ ಮೀನುಗಳನ್ನು ಮೊಟ್ಟೆಯಿಂದ ಬೆಳೆಸುವ ತಂತ್ರವನ್ನು ರೂಪಿಸಿದೆ, ಆದ್ದರಿಂದ ಆ ಮೀನಿಗಾಗಿ ಕಡಲಿಗೆ ಬಲೆ ಹಾಕಬೇಕಿಲ್ಲ. ಕಲ್ಲಿನ ಬದಲು ಸಿಮೆಂಟಿನಲ್ಲಿ ಎರಕ ಹೊಯ್ದ ತೂತುಗಲ್ಲು ಸಾಕು, ಸೂಕ್ಷ್ಮಜೀವಿಗಳಿಗೆ ನೆಲೆಯೂರಲು ಒಂದೆರಡು ತಿಂಗಳು ಹೆಚ್ಚು ಹಿಡಿಯುತ್ತದೆ. ಅಂಥ ತೊಟ್ಟಿಯ ಗಾಜಿನ ಮೇಲೆ ಸ್ವಲ್ಪ ಕಾಲದ ಮೇಲೆ ಗುಲಾಬಿ ಬಣ್ಣದ ತೆಳು ಕಲೆಗಳು ಕಾಣಿಸಿಕೊಂಡು ಹರಡುತ್ತವೆ. ಅವು ಸುಣ್ಣ ಕಟ್ಟುವ ಪಾಚಿಗಳು. ನಿಜವಾದ ದಿಬ್ಬದಲ್ಲಿ ಹವಳದ ಮುರುಕುಗಳನ್ನು ಬೆಸೆದು ಗಟ್ಟಿಮಾಡುವುದು ಅವೇ. ಒಂದು ಹವಳವೂ ಇಲ್ಲದ ತೊಟ್ಟಿಯಲ್ಲೂ ಅವು ಬೆಳೆದಷ್ಟೂ ಕ್ಷಾರೀಯತೆಯ ಅಂಕಿ ವಾರದಿಂದ ವಾರಕ್ಕೆ ಇಳಿಯುತ್ತದೆ, ಸುಣ್ಣದ ತಿಳಿಯನ್ನು ಮತ್ತೆ ಹನಿಸಬೇಕಾಗುತ್ತದೆ.